ಪಟ್ಟಿಯಕ್ಕ ವಾಪಸ್ ಕೇಳಿದ ಸ್ಟ್ಯಾಂಡುಗಳು

ಆ ಊರಿನಲ್ಲಿ ಫೋಟೊ ತೆಗೆಯಲು ಕಲಿಯಹೊರಟವರೆಲ್ಲ ಒಂದಲ್ಲ ಒಂದು ದಿನ ಪಟ್ಟಿಯಕ್ಕನ ಅಂಗಡಿಗೆ ಬಂದೇ ಬರುತ್ತಿದ್ದರು. ಕೈಯಲ್ಲಿದ್ದುದನ್ನೆಲ್ಲ ಸುರಿದು ಕ್ಯಾಮೆರಾ ಕೊಂಡಿರುತ್ತಾರೆ. ಅದಕ್ಕೆ ಚೀಲ ಬೇಕು, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ ಬೇಕು, ಮೂರು ಕಾಲಿನ ಸ್ಟ್ಯಾಂಡು ಬೇಕು, ಲೈಟು ಬೇಕು ಅನ್ನುವುದು ಆಮೇಲೆ ಗೊತ್ತಾಗುತ್ತದೆ.

“ಕ್ಯಾಮೆರಾ ತಗೊಳ್ಳೋದು ಮದ್ವೆ ಮಾಡ್ಕೊಂಡ ಹಾಗೆ ಕಣಪ್ಪಾ. ಆಮೇಲಿನ ಖರ್ಚು ಯಾರೂ ಮೊದ್ಲೇ ಹೇಳಲ್ಲ” ಎಂದು ಆಕೆ ನಗಿಸುತ್ತಿದ್ದಳು. ಬಂದವರ ಮುಖದ ಬಿಗುವು ಅಲ್ಲಿಗೆ ಸಡಿಲವಾಗುತ್ತಿತ್ತು.

ಹಿಂದೆ ಆಕೆ ಚೀಲದ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು. ಕಾರ್ಖಾನೆಗೆ ಬೀಗ ಬಿದ್ದ ವರ್ಷ ಪಕ್ಕದ ಮನೆಯ ಫೋಟೊಗ್ರಾಫರ್ ಕಿತ್ತುಹೋದ ಪಟ್ಟಿಯೊಂದನ್ನು ತಂದು, “ಇದಕ್ಕೆ ನಾಲ್ಕು ಹೊಲಿಗೆ ಹಾಕ್ಕೊಡಿ” ಅಂದಿದ್ದ. ಆಕೆ ಹಳೆಯ ಜೀನ್ಸ್ ಕತ್ತರಿಸಿ, ಒಳಗೆ ಮೆತ್ತೆ ತುಂಬಿ, ಕೊರಳಿಗೆ ಒತ್ತದಂಥ ಹೊಸ ಪಟ್ಟಿಯನ್ನೇ ಹೊಲಿದುಕೊಟ್ಟಳು. ಅವನ ಕೊರಳಲ್ಲಿ ಅದನ್ನು ಕಂಡವರು ತಮಗೂ ಬೇಕೆಂದರು. ಹಾಗೆ ಹೆಸರು ಬಂತು, ಆಮೇಲೆ ಅಂಗಡಿ. ಅಂಗಡಿ ಹಿಡಿಯಲು ಓಡಾಡಿದವನು ತಂಗಿಯ ಗಂಡ. ಪಟ್ಟಿ, ಚೀಲ ಅಕ್ಕನ ಹೊಲಿಗೆ, ಉಳಿದ ಸಾಮಾನನ್ನು ಅವನು ಸಗಟು ವ್ಯಾಪಾರಿಗಳಿಂದ ತರುತ್ತಿದ್ದ, ಗಲ್ಲಾದಲ್ಲಿ ತಂಗಿ. ಮೂವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ, ಎಳೆಕೂಸುಗಳ ಫೋಟೊ ತೆಗೆಯುವ ಹುಡುಗಿ ಬಂದಳು. ಹೊಸದಾಗಿ ಕೆಲಸ ಹಿಡಿದವಳು, ಬಾಡಿಗೆ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡವಳು. ಬಂದಾಗಲೆಲ್ಲ ಹತ್ತು ಪ್ರಶ್ನೆ ಕೇಳುತ್ತಿದ್ದವಳು ಅಂದು ನೇರವಾಗಿ ಮೇಜಿನ ಬಳಿ ಬಂದಳು. ಉದ್ದನೆಯ ಚೀಲದಿಂದ ಮುರಿದ ಲೈಟ್ ಸ್ಟ್ಯಾಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

“ಏನಾಯ್ತೇ?” ಎಂದಳು ಅಕ್ಕ.

“ಲೈಟು ಬಿತ್ತು. ಮಗು ಮೇಲೇ ಬೀಳ್ತಿತ್ತು. ಅದ್ರಜ್ಜಿ ಕೈ ಅಡ್ಡ ಇಟ್ರು. ಮಣಿಕಟ್ಟು ಮುರಿದಿದೆ.”

ಅಕ್ಕ ಹೊಲಿಗೆ ಬಿಟ್ಟು ಎದ್ದಳು. ತಂಗಿ ಮಾತ್ರ ಕೂತಲ್ಲಿಂದಲೇ ಕೇಳಿದಳು: “ಕಾಲಿಗೆ ಮರಳು ಚೀಲ ಕಟ್ಟಿದ್ಯಾ? ಕಟ್ಟಬೇಕು ಅಂತ ಹೇಳಿದ್ವಲ್ಲ?”

ಹುಡುಗಿ ತಲೆ ತಗ್ಗಿಸಿದಳು. “ಇಲ್ಲ.”

“ಮತ್ತೆ? ತಪ್ಪು ನೀನೇ ಮಾಡಿ ಇಲ್ಲಿಗೆ ಬಂದ್ರೆ?”

ಹುಡುಗಿ ತಂಗಿಯತ್ತ ನೋಡಲೂ ಇಲ್ಲ. “ಅಗ್ಗದ್ದು ಅಂದ್ರೆ ಕಳಪೆ ಅಲ್ಲ ಅಂತ ನೀವೇ ಹೇಳಿದ್ರಿ ಅಕ್ಕ. ನಾನು ನಂಬಿದ್ದೆ” ಎಂದಷ್ಟೇ ಹೇಳಿ, ಮುರಿದದ್ದನ್ನು ಅಲ್ಲೇ ಬಿಟ್ಟು ಹೊರಟುಹೋದಳು.

“ನಾಟಕ” ಎಂದು ತಂಗಿ ಗೊಣಗಿದಳು. ಅಕ್ಕ ಸ್ಟ್ಯಾಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಕಾಲುಗಳು ಗಟ್ಟಿಯಾಗಿಯೇ ಇದ್ದವು. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರಿ ನಿಲ್ಲುತ್ತದಲ್ಲ, ಅದನ್ನು ಬಿಗಿಹಿಡಿಯುವ ಪ್ಲಾಸ್ಟಿಕ್ ಬಳೆ ಒಳಗಿನಿಂದ ಸೀಳಿತ್ತು. ಹಿಂದಿನ ಸರಕಿನಲ್ಲಿ ಆ ಬಳೆ ಲೋಹದ್ದಾಗಿತ್ತು. ಆಕೆ ಡಬ್ಬಿಯಿಂದ ಹೊಸದೊಂದನ್ನು ತೆಗೆದು ಎತ್ತರಿಸಿ, ನೆತ್ತಿಗೆ ಲೈಟಿನಷ್ಟೇ ಭಾರದ ಬಟ್ಟೆಯ ಗಂಟು ಕಟ್ಟಿ, ಕಾಲಿಗೆ ಮರಳು ಚೀಲವನ್ನೂ ಬಿಗಿದು ಹೊಲಿಯಲು ಕೂತಳು. ಸಂಜೆಯೊಳಗೆ ಟಪ್ ಎಂದು ಸದ್ದಾಯಿತು. ಕಾಲು ನಿಂತಲ್ಲೇ ನಿಂತಿತ್ತು. ಮೇಲಿನ ಕೊಳವೆ ವಾಲಿ, ಗಂಟು ನೆಲಕ್ಕೆ ಬಿದ್ದಿತ್ತು.

ಆಕೆ ಹೊಲಿಗೆ ನಿಲ್ಲಿಸಿದಳು. ಆ ಸರಕು ಬಂದು ಎಷ್ಟೋ ಕಾಲವಾಗಿತ್ತು. ಎಷ್ಟು ಮನೆಗಳಲ್ಲಿ, ಯಾರ ತಲೆಯ ಮೇಲೆ ಅವು ನಿಂತಿವೆಯೋ!

ತಂಗಿಯ ಗಂಡ ಬಂದಾಗ ಬಿದ್ದದ್ದು ಬಿದ್ದಂತೆಯೇ ಇತ್ತು. ಅವನು ಸೀಳಿದ ಬಳೆಯನ್ನು ಬೆರಳಲ್ಲಿ ಹೊರಳಿಸಿ, “ಈ ರೇಟಿಗೆ ಇನ್ನೇನು ಬರತ್ತೆ ಅತ್ತಿಗೆ?” ಎಂದ.

“ಬಳೆ ಬದಲಾಗಿದ್ದು ನಿಂಗೆ ಗೊತ್ತಿತ್ತಾ?”

“ನೋಡಿದ್ದೆ. ಇಷ್ಟು ಬೇಗ ಹೋಗತ್ತೆ ಅಂತ ಯಾರಿಗೆ ಗೊತ್ತು?”

“ಹಾಗಾದ್ರೆ ಕೊಂಡೋರಿಗೆಲ್ಲ ಹೇಳ್ತೀನಿ. ವಾಪಸ್ ತನ್ನಿ ಅಂತೀನಿ.”

ತಂಗಿ ಎದ್ದು ನಿಂತಳು. “ನಿಂಗೇನು ತಲೆ ಕೆಟ್ಟಿದ್ಯಾ ಅಕ್ಕ? ನಮ್ಮ ಮಾಲು ಕಳಪೆ ಅಂತ ನಾವೇ ಡಂಗುರ ಸಾರೋದಾ? ಇವ್ರ ಮುಖಕ್ಕೆ ಮಸಿ ಬಳಿಯೋದಾ? ನಿಂಗೆ ಈ ಅಂಗಡಿ ಮಾಡ್ಕೊಡೋಕೆ ಇವ್ರು ಚಪ್ಪಲಿ ಸವೆಸಿಲ್ವಾ?”

“ಸವೆಸಿದಾನೆ. ಅದಕ್ಕೇ ಇವನ ಹೆಸರೆತ್ತಲ್ಲ. ನನ್ನ ಅಂಗಡಿ, ನನ್ನ ತಪ್ಪು ಅಂತೀನಿ.”

“ಯಾರ ಹೆಸರು ಹೇಳಿದ್ರೂ ನಗೆಪಾಟಲಾಗೋದು ನಾವೇ!”

ಅವನೂ ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. ಅವನು ಹೆಗಲ ಚೀಲ ಏರಿಸಿಕೊಂಡು, ತಂಗಿಯನ್ನು ಕಣ್ಣಲ್ಲೇ ಕರೆದು, ಹೊರಟ.

ಮರುದಿನ ಗಲ್ಲಾದಲ್ಲಿ ಯಾರೂ ಇರಲಿಲ್ಲ. ಅಕ್ಕ ದೊಡ್ಡ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು: ನಮ್ಮಲ್ಲಿ ಕೊಂಡ ಲೈಟ್ ಸ್ಟ್ಯಾಂಡ್ ಬಳಸಬೇಡಿ, ಮುರಿಯುತ್ತದೆ, ವಾಪಸ್ ತನ್ನಿ. ಫೋನಿನಲ್ಲೂ ಅದನ್ನೇ ಗೊತ್ತಿದ್ದವರಿಗೆಲ್ಲ ಕಳಿಸಿದಳು. ಫೋಟೊ ಕಲಿಸುವ ಮೇಷ್ಟರ ತರಗತಿಗೆ ಹೋಗಿ, ಕ್ಯಾಮೆರಾ ಹಿಡಿದು ಕೂತವರ ಮುಂದೆ ನಿಂತು ಅದನ್ನೇ ಹೇಳಿದಳು. ಹಿಂದಿನ ಬೆಂಚಿನಿಂದ ಯಾರೋ, “ಹಾಗಾದ್ರೆ ಪಟ್ಟಿ ಗತಿ ಏನು? ಅದೂ ಕಿತ್ತೋಗತ್ತಾ?” ಎಂದರು. ತರಗತಿ ನಕ್ಕಿತು. “ಅದು ನಾನು ಹೊಲಿದಿದ್ದು” ಎನ್ನಲು ಬಾಯಿ ತೆರೆದವಳು, ಈ ಗಳಿಗೆಯಲ್ಲಿ ಆ ಮಾತನ್ನು ಯಾರು ನಂಬುತ್ತಾರೆ ಅನ್ನಿಸಿ ನುಂಗಿಕೊಂಡಳು.

ಸ್ಟ್ಯಾಂಡುಗಳು ಬರತೊಡಗಿದವು. ಕೆಲವರು ಥ್ಯಾಂಕ್ಸ್ ಹೇಳಿದರು, ಕೆಲವರು ಎಸೆದು ಹೋದರು. ಒಬ್ಬ ಅಡುಗೆಯ ವಿಡಿಯೊ ಮಾಡುವವನಂತೂ, “ಚೆನ್ನಾಗಿದೆ ಬಿಡಿ, ನಂದು ಮುರಿದಿಲ್ಲ” ಎಂದು ಫೋನಿನಲ್ಲಿ ಹಟ ಹಿಡಿದ. ಆಕೆಯೇ ಅವನ ಮನೆಗೆ ಹೋಗಿ, ಕುದಿಯುವ ಪಾತ್ರೆಯ ನೆತ್ತಿಗೆ ಲೈಟು ಹೊತ್ತು ನಿಂತಿದ್ದ ಸ್ಟ್ಯಾಂಡನ್ನು ಬಿಚ್ಚಿ ತಂದಳು. ಹಾಗಿದ್ದೂ ಎಲ್ಲವೂ ಬರಲಿಲ್ಲ. ದಾರಿಹೋಕರು ಕೊಂಡಿದ್ದನ್ನು ಎಲ್ಲಿ ಹುಡುಕುವುದು? ಆಂಬುಲೆನ್ಸಿನ ಸದ್ದು ಕೇಳಿದರೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಆಕೆಯ ಕಾಲು ತಾನಾಗಿ ನಿಲ್ಲುತ್ತಿತ್ತು.

ಅಜ್ಜಿಯನ್ನು ನೋಡಲು ಆಸ್ಪತ್ರೆಗೂ ಹೋದಳು. ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದ ಮುದುಕಿ, ಎಲ್ಲ ಕೇಳಿಸಿಕೊಂಡು, “ಕೈ ನಂದಾಯ್ತಲ್ಲ, ಮಗುಗೇನೂ ಆಗ್ಲಿಲ್ಲ, ಸಾಕು ಬಿಡು. ಆದ್ರೆ ಇನ್ನು ಮಾರಬೇಡ” ಅಂದಿತು. ಫೋಟೊ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅಕ್ಕ ಹೊರಡುವಾಗ ಬಾಗಿಲವರೆಗೆ ಬಂದಳು. ಆದರೆ ಮತ್ತೆಂದೂ ಅಂಗಡಿಗೆ ಬರಲಿಲ್ಲ.

ಅಂಗಡಿ ಮುಚ್ಚಲಿಲ್ಲ, ಬೆಳೆಯಲೂ ಇಲ್ಲ. ಅಕ್ಕ ಲೈಟ್ ಸ್ಟ್ಯಾಂಡ್ ಮಾರುವುದನ್ನೇ ಬಿಟ್ಟಳು. ಕೇಳಿ ಬಂದ ಹೊಸಬರಿಗೆ, ಫೋಟೊಗೆ ಬಂದವರನ್ನು ಕಿಟಕಿಯ ಪಕ್ಕ ಕೂರಿಸಿ, ಬೆಳಕು ಮುಖಕ್ಕೆ ಮರಳುವಂತೆ ಎದುರಿಗೆ ಬಿಳಿ ರಟ್ಟು ಹಿಡಿದು ಫೋಟೊ ತೆಗೆಯಿರಿ ಎನ್ನುತ್ತಿದ್ದಳು. ರಟ್ಟು ಮಾರಿದರೆ ಎಷ್ಟು ಗಿಟ್ಟೀತು! ಮಧ್ಯಾಹ್ನದ ಊಟ ಒಬ್ಬಳೇ ಮಾಡುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ತಂಗಿ, ತನ್ನ ಗಂಡ ಮಾಡಿಸಿಕೊಟ್ಟಿದ್ದ ಗಾಜಿನ ಕಪಾಟನ್ನು ಒಯ್ಯಲು ಬಂದಳು. ಗಾಡಿಯವನು ಒಂದು ತುದಿ ಹಿಡಿದ. ಇನ್ನೊಂದು ತುದಿ ತಂಗಿಯೊಬ್ಬಳಿಂದ ಏಳಲಿಲ್ಲ. ಅಕ್ಕ ಹೊಲಿಗೆ ಬಿಟ್ಟು ಬಂದು ಕೈ ಕೊಟ್ಟಳು. ಅಕ್ಕತಂಗಿಯರ ಮೊಣಕೈಗಳು ಒಂದಕ್ಕೊಂದು ತಾಗುತ್ತಿದ್ದವು.

“ಮೆಟ್ಟಿಲಿದೆ, ನೋಡ್ಕೊಂಡು” ಎಂದಳು ತಂಗಿ.

“ಹೂಂ” ಎಂದಳು ಅಕ್ಕ.

ಕಪಾಟು ಗಾಡಿಯೇರಿತು. ತಂಗಿ ಸೆರಗಿನಿಂದ ಕೈ ಒರೆಸಿಕೊಂಡು, ಅಂಗಡಿಯೊಳಗೆ ಖಾಲಿಯಾದ ಗೋಡೆಯನ್ನೊಮ್ಮೆ ನೋಡಿ, ಗಾಡಿಯವನ ಪಕ್ಕ ಹತ್ತಿ ಕೂತಳು.