ಹೊಗೆ ಬಿಡುತ್ತಿದ್ದ ಬಾಡಿಗೆ ಕಾರು

ಎಪ್ಪತ್ತರ ದಶಕದ ಒಂದು ಸೋಮವಾರ ಅಪ್ಪನ ಬಾಡಿಗೆ ಕಾರಿಗೆ ಎಫ್.ಸಿ., ಅಂದರೆ ಓಡಲು ಯೋಗ್ಯವೆಂಬ ಸರ್ಕಾರಿ ಕಾಗದ, ಸಿಗಲಿಲ್ಲ. ಡೈರಿಯಲ್ಲಿ ಆ ದಿನ ‘ಹೊಗೆ, ಕಪ್ಪು’ ಎಂದಷ್ಟೇ ಬರೆದಿದ್ದೇನೆ. ಸೇಲಂನ ಮೈದಾನದಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಆಕ್ಸಿಲರೇಟರ್ ಒತ್ತಿಸಿ, ಮೂಗಿಗೆ ಕರ್ಚೀಫು ಹಿಡಿದು, “ಎನ್ನಯ್ಯಾ, ಕಾರಾ ಅಡುಪ್ಪಾ?” ಎಂದರು. ಕಾರನ್ನು ಒಲೆ ಎಂದದ್ದಕ್ಕೆ ಸುತ್ತಲಿನ ಡ್ರೈವರುಗಳು ನಕ್ಕರು. ಅಪ್ಪನೂ ನಕ್ಕರು.

ಆ ಕಾಗದವಿಲ್ಲದೆ ಬಾಡಿಗೆಗೆ ಓಡಿಸುವಂತಿರಲಿಲ್ಲ. ನಮಗಿದ್ದ ಖಾಯಂ ಸವಾರಿ ಸೇಲಂ ಹೊರಗಿನ ಒಂದು ಸಬ್ಬಕ್ಕಿ ಮಿಲ್ಲಿನದು. ಅಮಾವಾಸ್ಯೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಅದರ ಯಜಮಾನರು ಹೇಳಿದ್ದರು.

“ರಿಂಗು ತೇದೋಗೈತಣ್ಣಾ. ಇಂಜಿನ್ ಬಿಚ್ಚಲೇಬೇಕು” ಎಂದ ಮೆಕ್ಯಾನಿಕ್. ಅದರ ಖರ್ಚಿಗೆ ಮನೆಯ ಕುರಿಗಳು ಮೇಚೇರಿ ಸಂತೆಗೆ ಹೋದವು.

“ಗಬ್ಬದ ಕುರೀನೂ ಬಿಡಲಿಲ್ಲ. ಇನ್ನು ನಿಮ್ಮ ಕಾರೇ ಮರಿ ಆಕ್ಲಿ” ಎಂದಳು ಅವ್ವ.

ಹೊಸ ರಿಂಗು ಹಾಕಿ ಶೆಡ್ಡಿನಲ್ಲೇ ಓಡಿಸಿ ನೋಡಿದಾಗ ಹೊಗೆ ಇರಲಿಲ್ಲ. ಮನೆಗೆ ತಂದ ಮೇಲೆ ಅಪ್ಪ, ಇಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಮೆಕ್ಯಾನಿಕ್ ಬಿಚ್ಚಿಟ್ಟಿದ್ದ ತಮ್ಮ ಹಳೆಯ ಪಂಚೆಯ ತುಂಡನ್ನು ಹಾಗೇ ಮತ್ತೆ ಕಟ್ಟಿದರು. ಕಾರು ದಿನವಿಡೀ ನಿಲ್ಲುತ್ತಿದ್ದ ಮಿಲ್ಲಿನ ಒಣಗಿಸುವ ಅಂಗಳದಲ್ಲಿ ಸಬ್ಬಕ್ಕಿ ಮಾಡುವ ಮರಗೆಣಸಿನ ಹಿಟ್ಟು ಸದಾ ಹಾರುತ್ತಿತ್ತು. ಅಲ್ಲಿ ಅಪ್ಪ ತಮ್ಮ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು; ಕಾರಿಗೂ ಹಾಗೇ ಕಟ್ಟಿ ನೀರು ಚಿಮುಕಿಸುತ್ತಿದ್ದರು.

ಎರಡನೇ ಪರೀಕ್ಷೆಯಲ್ಲೂ ಕಪ್ಪು ಹೊಗೆ ಬಂತು. ಇನ್ಸ್‌ಪೆಕ್ಟರು ಸಹಿ ಹಾಕದೆ ಮುಂದಿನ ಗಾಡಿಗೆ ಹೋದರು.

ಊರಿಗೆ ಹಿಂದಿರುಗುವಾಗ ತೊಪ್ಪೂರು ಘಾಟಿಯ ಏರಿನಲ್ಲಿ ಕಾರು ಉಸಿರುಗಟ್ಟಿದಂತೆ ನಿಂತಿತು. ಬಾನೆಟ್ ಎತ್ತಿ ಅಪ್ಪ ಆ ಬಟ್ಟೆ ಮುಟ್ಟಿದರು. ಹಿಟ್ಟು, ನೀರು, ಇಂಜಿನ್ನಿನ ಕಾವು ಸೇರಿ ಅದು ಗಂಜಿ ಹಾಕಿ ಒಣಗಿಸಿದ ಹಲಗೆಯಂತಾಗಿತ್ತು. ಕಿತ್ತು ಸ್ಟಾರ್ಟ್ ಮಾಡಿದರು. ನಾನು ಹಿಂದೆ ನಿಂತು ಹೊಗೆ ಕೊಳವೆ ನೋಡಿದೆ.

“ಒಗೆ ಐತಾ ಲೇ?”

“ಇಲ್ಲಪ್ಪಾ.”

“ನನ್ನ ಬಾಯ್ ಬಟ್ಟೇನ ದಿನಾ ಒಗೀತಿದ್ದೆ. ಇದನ್ನ ಒಂದಿನಾನೂ ಒಗೀಲಿಲ್ಲ ಕಣಲಾ.” ಆ ಬಟ್ಟೆಯನ್ನು ಸೀಟಿನ ಕೆಳಗೆ ತುರುಕಿ, “ನಿಮ್ಮವ್ವಂಗೆ ಏಳಬೇಡ” ಎಂದರು.

ಮೂರನೇ ಪರೀಕ್ಷೆಗೆ ಅವಕಾಶ ಸಿಕ್ಕಿದ್ದು ಅಮಾವಾಸ್ಯೆ ಕಳೆದ ಮೇಲೆ. “ಅಡುಪ್ಪು ಅಣೈಞ್ಜಿರುಚ್ಚಾ?” ಒಲೆ ಆರಿತೇ ಎಂದು ಕೇಳಿ ಇನ್ಸ್‌ಪೆಕ್ಟರು ಸಹಿ ಹಾಕಿದರು. ಅಲ್ಲಿಂದ ನೇರ ಮಿಲ್ಲಿಗೆ ಹೋದೆವು. ನಮ್ಮ ಕಾರು ನಿಲ್ಲುತ್ತಿದ್ದ ಬೇವಿನ ನೆರಳಲ್ಲಿ ಬೇರೊಂದು ಕಾರು ನಿಂತಿತ್ತು.

“ನೆನ್ನೇನೇ ಬಂದ್ಬುಡ್ತಣ್ಣಾ” ಎಂದ ಕಾವಲುಗಾರ, ನೆಲ ನೋಡುತ್ತಾ.

ಅಪ್ಪ ಅಭ್ಯಾಸದಂತೆ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಇಳಿದಿದ್ದರು. ಹಾಗೇ ಮತ್ತೆ ಕಾರು ಹತ್ತಿದರು. ಊರು ಮುಟ್ಟುವವರೆಗೂ ಅದನ್ನು ಬಿಚ್ಚಲಿಲ್ಲ.