ಸಿದ್ದಬಸಪ್ಪ ಗುರುತಿಸಿದ ಪಾಚಿ

ಸಿದ್ದಬಸಪ್ಪ ಮೂವತ್ತೊಂದು ವರ್ಷ ರಾಜಾಜಿನಗರದ ಕಾಲೇಜೊಂದರ ಬಾಟನಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಸ್ಲೈಡು ತೊಳೆಯುವುದು, ಮೈಕ್ರೋಸ್ಕೋಪ್ ಒರೆಸಿಡುವುದು, ಪಾಚಿಯ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸುವುದು ಅವರ ಕೆಲಸ. ವಿದ್ಯಾರ್ಥಿಗಳು ಹೋದ ಮೇಲೆ ತಾವೂ ಒಮ್ಮೆ ಬಗ್ಗಿ ನೋಡುತ್ತಿದ್ದರು. ಅದನ್ನು ಯಾರಿಗೂ ಹೇಳಿಕೊಂಡವರಲ್ಲ.

ನಿವೃತ್ತಿಯ ನಂತರ ವಿಜಯನಗರದಲ್ಲಿ ಗಿರಿರಾಜ್ ಡಾಕ್ಟರ ಹಲ್ಲಿನ ಕ್ಲಿನಿಕ್ ಸೇರಿ ಟೋಕನ್ ಕೊಡತೊಡಗಿದರು. ಎದುರಿಗೇ ಅಕ್ವೇರಿಯಂ. ಕೆನ್ನೆ ಹಿಡಿದು ಕೂತವರೆಲ್ಲ ಅದನ್ನೇ ನೋಡುತ್ತಿದ್ದರು. ಶ್ರಾವಣದ ಹೊತ್ತಿಗೆ ಅದರ ಕಲ್ಲು, ಗಿಡಗಳ ಮೇಲೆಲ್ಲ ನೀಲಿಹಸಿರು ಲೋಳೆ ಹಬ್ಬಿತು. ಸಿದ್ದಬಸಪ್ಪ ಚೂರು ಲೋಳೆಯನ್ನು ಮನೆಗೆ ಒಯ್ದು, ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಪುಟ್ಟ ಮೈಕ್ರೋಸ್ಕೋಪಿನಡಿ ಇಟ್ಟರು. ಕೂದಲಿಗಿಂತ ತೆಳ್ಳನೆಯ ಎಳೆಗಳು ತಾವಾಗಿಯೇ ಮೆಲ್ಲಗೆ ತೂಗುತ್ತಿದ್ದವು. ಆಸಿಲೇಟೋರಿಯಾ! ಆ ಹೆಸರನ್ನು ಎಷ್ಟು ಚೀಟಿಗಳ ಮೇಲೆ ಬರೆದಿದ್ದರೋ.

ಹೆಂಡತಿ ಶಾಂತವ್ವನೂ ಇಣುಕಿದರು. “ಅಯ್ಯ, ಇದಕ್ಕ ಜೀವ ಐತೇನ್ರಿ?”

ಮರುದಿನ ಸಿದ್ದಬಸಪ್ಪ ಡಾಕ್ಟರಿಗೆ ಹೇಳಿದರು: “ಸಾರ್, ಈ ಪಾಚಿಗೆ ಒಂದೇ ಸಲ ಔಷಧಿ ಹಾಕಿದ್ರೆ ಎಲ್ಲಾ ಸತ್ತು ನೀರಲ್ಲೇ ಕೊಳೆಯತ್ತೆ. ಮೀನಿಗೆ ಉಸಿರು ಸಿಗಲ್ಲ. ಮೊದ್ಲು ಕೈಯಲ್ಲಿ ತೆಗೀಬೇಕು.”

ಡಾಕ್ಟರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಮಹದೇವ್ ಬರ್ತಾನಲ್ಲ, ನೋಡ್ಕೋತಾನೆ ಬಿಡಿ.”

ಅಕ್ವೇರಿಯಂ ತೊಳೆಯುವ ಮಹದೇವ್ ಶನಿವಾರ ಬಂದ. ಸಿದ್ದಬಸಪ್ಪ ಅವನಿಗೂ ಹೇಳಿ ನೋಡಿದರು. “ಹತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಾ ಇದೀನಿ ಯಜಮಾನ್ರೇ,” ಎಂದು ನಕ್ಕು, ಔಷಧಿಯನ್ನೆಲ್ಲ ಸುರಿದು ಹೋದ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಮನಸ್ಸು ತಡೆಯದೆ ಸಿದ್ದಬಸಪ್ಪ ಅಲ್ಲಿಯವರೆಗೆ ನಡೆದು ಹೋದರು. ಶಟರ್ ಎಳೆದಿತ್ತು, ಕೀಲಿ ಡಾಕ್ಟರ ಬಳಿ. ಜೇಬಿನಿಂದ ಫೋನ್ ತೆಗೆದರು. ರಜೆಯ ದಿನ ಮೀನಿನ ವಿಷಯಕ್ಕೆ ದೊಡ್ಡವರನ್ನು ಕರೆಯುವುದೇ? ಫೋನನ್ನು ಮತ್ತೆ ಜೇಬಿಗೆ ಹಾಕಿ ಮನೆಗೆ ತಿರುಗಿದರು.

ಸೋಮವಾರ ಒಂಬತ್ತು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ನಾರುತ್ತಿತ್ತು.

“ಊಟ ಜಾಸ್ತಿ ಹಾಕ್ಬಿಟ್ರಾ ಹೇಗೆ?” ಡಾಕ್ಟರು ಕೇಳಿದರು.

ರೋಗಿಗಳು ನೋಡುತ್ತಿದ್ದರು. “ಇಲ್ಲ ಸಾರ್,” ಎಂದಷ್ಟೇ ಹೇಳಿ, ಸಿದ್ದಬಸಪ್ಪ ಮೀನುಗಳನ್ನು ಹಳೇ ಪೇಪರಿನಲ್ಲಿ ಸುತ್ತಿದರು.

“ಗೊತ್ತಿದ್ದೂ ಸುಮ್ಮನಿದ್ರೇನ್ರಿ?” ರಾತ್ರಿ ಮನೆಯಲ್ಲಿ ಶಾಂತವ್ವ ಕೇಳಿದರು.

“ಹೇಳಿದ್ನಿ. ಅವರು ಕೇಳೂ ಹಂಗ ಹೇಳಲಿಲ್ಲ.”

ವಾರದೊಳಗೆ ಅಕ್ವೇರಿಯಂ ಹೋಗಿ ಟಿವಿ ಬಂತು. ಸಿದ್ದಬಸಪ್ಪ ಈಗಲೂ ಅಲ್ಲೇ ಟೋಕನ್ ಕೊಡುತ್ತಾರೆ. ಮೀನು ಎಲ್ಲಿ ಎಂದು ಹಳೇ ರೋಗಿಗಳು ವಿಚಾರಿಸಿದರೆ, “ಸತ್ತೋದ್ವು,” ಎನ್ನುತ್ತಾರೆ. ಹೇಗೆ ಸತ್ತವು ಎಂದು ಇದುವರೆಗೆ ಯಾರೂ ಕೇಳಿಲ್ಲ.