ತಲೆಬಾಗಿಲಿಗೆ ಗಿರಾಕಿ

ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯ ಧೂಳು ಕುಡಿಯುತ್ತಾ, ಶಶಿಕಲಾ ಹಳೇ ಬಾಗಿಲು ಕಿಟಕಿಗಳ ಅಂಗಡಿ ನಡೆಸುತ್ತಾಳೆ. ಕೆಡವಿದ ಮನೆಗಳಿಂದ ಬಂದ ಕಿಟಕಿ, ಗ್ರಿಲ್ಲು, ಹೆಂಚು, ಕಡಪಾ ಕಲ್ಲು ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ. ತಲೆಬಾಗಿಲಿಗೆ ಮಾತ್ರ ಸಿಗುವುದಿಲ್ಲ. ಯಾರದೋ ಮನೆಯ ಕೇಡು ಬಾಗಿಲ ಜೊತೆಗೇ ಬಂದುಬಿಟ್ಟರೆ ಎಂಬ ಭಯ. ಮೆಚ್ಚಿಕೊಂಡು, ಮರ ತಟ್ಟಿ ನೋಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಆ ಮನೆಯವರು ಚೆನ್ನಾಗಿದಾರಾ?" ಏನು ಹೇಳಿದರೂ ನಂಬುವುದಿಲ್ಲ. ಒಳ್ಳೊಳ್ಳೆಯ ಮರವೆಲ್ಲ ಬಿಸಿಲಿಗೆ ಬಿರಿದು ಕಡೆಗೆ ಹೋಟೆಲಿನ ಸೌದೆ ಒಲೆ ಸೇರುತ್ತದೆ. ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿದೆ.

ಮೊನ್ನೆ ಕಾರಿನಿಂದಿಳಿದ ಹೆಂಗಸನ್ನು ಅವಳು ಕಂಡಕೂಡಲೇ ಗುರುತಿಸಿದಳು. ಬಸವೇಶ್ವರನಗರದಲ್ಲಿ ಆಕೆಯ ಹಳೇ ಮನೆ ಕೆಡವಿದ ದಿನ ಬಾಗಿಲು ಕೀಳಿಸಿಕೊಂಡು ಬಂದವಳು ಶಶಿಕಲಾಳೇ. ಆಕೆಗೆ ಇವಳ ಗುರುತು ಹತ್ತಲಿಲ್ಲ. ಅದೇ ಜಾಗದಲ್ಲಿ ಹೊಸ ಮನೆ ಏಳುತ್ತಿದೆಯಂತೆ, ಅದಕ್ಕೆ ಹಳೇ ಕಾಲದ ಬಾಗಿಲು ಬೇಕಂತೆ. ಆಕೆ ನೇರ ಹೋಗಿ ನಿಂತದ್ದು ತನ್ನದೇ ಬಾಗಿಲಿನ ಮುಂದೆ. ಹಸಿರು ಪೇಂಟು ಕೆರೆಸಿ ಪಾಲಿಶ್ ಹಾಕಿಸಿದ್ದರಿಂದ ಅದರ ಗುರುತೂ ಸಿಗಲಿಲ್ಲ.

"ಎಷ್ಟು ಚೆನ್ನಾಗಿದೆ ರೀ! ಆದ್ರೆ, ಆ ಮನೆಯವರು ಚೆನ್ನಾಗಿದಾರಾ?"

ಶಶಿಕಲಾ ಆಕೆಯ ಮುಖ, ಕೈಬಳೆ, ಹಿಂದೆ ನಿಂತ ಕಾರು ಎಲ್ಲವನ್ನೂ ನೋಡಿದಳು.

"ಚೆನ್ನಾಗಿದಾರೆ ಮೇಡಂ. ನಿಮ್ಮಷ್ಟೇ ಚೆನ್ನಾಗಿದಾರೆ."

ಆಕೆ ಮರವನ್ನು ಮತ್ತೊಮ್ಮೆ ಸವರಿ ಕೈ ಹಿಂದೆಗೆದಳು.

"ಬೇಡ ಬಿಡಿ. ಚೆನ್ನಾಗಿರೋರು ಯಾರಾದ್ರೂ ತಲೆಬಾಗಿಲು ಮಾರ್ತಾರಾ?"